ನಾಲೆ ಏರಿ ಮೇಲೆ ಗೇರ್ ಸೈಕಲ್

ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ಲಿಗೆ ಜಾಗವಿಲ್ಲ. ಆದರೆ ಅಲ್ಲಿಂದ ಒಂದಿಷ್ಟು ಒಳಕ್ಕೆ ಹೊರಳಿದರೆ ಸಾಕು, ಕಬ್ಬು–ಭತ್ತದ ನಡುವೆ ನೂರಾರು ಕಿಲೋಮೀಟರ್ ಮಣ್ಣಿನ ಹಾದಿ ಬಿದ್ದುಕೊಂಡಿದೆ. ಏರಿನ ಕಷ್ಟವಿಲ್ಲ, ಹಾರನ್ನಿನ ಕಾಟವಿಲ್ಲ, ಪಕ್ಕದಲ್ಲೇ ಕಾವೇರಿ ನೀರು. ಚಳಿಗಾಲದ ಭಾನುವಾರಗಳಲ್ಲಿ ಮಂಡ್ಯ ಸೀಮೆಯ ನಾಲೆ ಏರಿಗಳಿಗೆ ಹೊಸ ನೆಂಟರು ಬರತೊಡಗಿದ್ದಾರೆ.

ಬೆಳಿಗ್ಗೆ ಆರೂಮುಕ್ಕಾಲು. ಪಾಂಡವಪುರದ ಕಡೆಯ ವಿ.ಸಿ. ನಾಲೆಯಲ್ಲಿ ನೀರು ಏರಿಮಟ್ಟ ಹರಿಯುತ್ತಿದೆ. ಸೋಪಾನಕಟ್ಟೆಯ ಮೇಲೆ ಬಟ್ಟೆ ಒಗೆಯುವ ಸದ್ದು. ಆಚೆ ದಂಡೆಯಲ್ಲಿ ಕಬ್ಬಿನ ಲೋಡು ಹೊತ್ತ ಟ್ರ್ಯಾಕ್ಟರೊಂದು, ಹಿಂದೆ ಎರಡು ಟ್ರೇಲರ್ ಎಳೆದುಕೊಂಡು, ಅತ್ತಿತ್ತ ವಾಲುತ್ತಾ ಸಾಗಿದೆ.

ಈಚೆ ದಂಡೆಯಲ್ಲಿ ನಾಲ್ಕು ಜನ ಸೈಕಲ್ಲಿನಿಂದ ಇಳಿದು ನಿಂತಿದ್ದಾರೆ. ತಲೆಗೆ ಹೆಲ್ಮೆಟ್, ಮೈಗೆ ಬಿಗಿಯಾದ ಬಣ್ಣದ ಅಂಗಿ, ಮೊಣಕಾಲವರೆಗೂ ಕೆಂಪು ಧೂಳು. ಎದುರಿಗೆ ಕುರಿಮಂದೆ. ಕುರಿಗಳಿಗೆ ಅವಸರವಿಲ್ಲ, ಕಾಯುವವರಿಗೆ ಮೊದಲೇ ಇಲ್ಲ.

ಮಂದೆ ದಾಟುವಷ್ಟರಲ್ಲಿ ಆ ಸೀಮೆಯ ಖಾಯಂ ಪ್ರಶ್ನೆ ಬಂದೇ ಬರುತ್ತದೆ: ‘ಎಷ್ಟಾಯ್ತು ಸಾ ಈ ಸೈಕಲ್ಲು?’

ಉತ್ತರ ಹೇಳುವವರು ಸಾಮಾನ್ಯವಾಗಿ ಅರ್ಧ ಬೆಲೆ ಹೇಳುತ್ತಾರೆ. ಆ ಅರ್ಧಕ್ಕೇ ಎದುರಿನವರ ಹುಬ್ಬು ಮೇಲೇರುತ್ತದೆ. ‘ಅಷ್ಟ್ ದುಡ್ಡಿಗೆ ಬೈಕೇ ಬತ್ತಿತ್ತಲ್ಲ ಸಾ, ಪೆಡ್ಲು ತುಳಿಯಾದ್ಯಾಕೆ?’

ಈ ಪ್ರಶ್ನೆಗೆ ಸರಿಯಾದ ಉತ್ತರ ಇನ್ನೂ ಯಾರಿಗೂ ಹೊಳೆದಿಲ್ಲ.

ಡಾಂಬರು ಬಿಟ್ಟ ಸೈಕಲ್

ಆ ಸೈಕಲ್ಲಿನ ಹೆಸರು ಗ್ರ್ಯಾವೆಲ್ ಬೈಕ್. ನೋಡಲು ರೇಸಿಂಗ್ ಸೈಕಲ್ಲಿನ ಹಾಗೆಯೇ, ಹ್ಯಾಂಡಲ್ ಕೆಳಗೆ ಬಾಗಿದೆ. ಟೈರ್ ಮಾತ್ರ ದಪ್ಪ, 35ರಿಂದ 50 ಮಿಲಿಮೀಟರ್. ಗಾಳಿ ಕಡಿಮೆ. ರಸ್ತೆ ಸೈಕಲ್ಲಿಗೆ 80–100 ಪಿಎಸ್‌ಐ ತುಂಬುವ ಕಡೆ ಇದಕ್ಕೆ 30–45 ಸಾಕು. ಜಲ್ಲಿಯ ಮೇಲೆ ಗಾಲಿ ಪುಟಿಯುವುದಿಲ್ಲ, ತಗ್ಗಿಗೆ ತಕ್ಕಂತೆ ಅಮುಕಿಕೊಂಡು ಹೋಗುತ್ತದೆ. ಹಗುರ ಗೇರು, ಡಿಸ್ಕ್ ಬ್ರೇಕು. ಅಷ್ಟೇ ಅದರ ಗುಟ್ಟು.

ಹುಟ್ಟಿದ್ದು ಅಮೆರಿಕದ ಹುಲ್ಲುಗಾವಲು ಸೀಮೆಯಲ್ಲಿ. ಜಮೀನುಗಳ ನಡುವಿನ ಜಲ್ಲಿ ರಸ್ತೆಯೇ ಹೆಚ್ಚಿರುವ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ 200 ಮೈಲಿಯ ಓಟವೊಂದು ಶುರುವಾಯಿತು. ಈಗ ಅದರ ಹೆಸರು ‘ಅನ್‌ಬೌಂಡ್ ಗ್ರ್ಯಾವೆಲ್’. 2022ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇದೇ ಬಗೆಗೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ, ವಿಚೆಂಜಾ ಊರಿನಿಂದ ಚಿತ್ತದೆಲ್ಲಾವರೆಗೆ.

ನಮ್ಮಲ್ಲಿ ಇದು ದುಬಾರಿ ಹವ್ಯಾಸ ಎನ್ನುವುದನ್ನು ಮುಚ್ಚಿಡಬೇಕಿಲ್ಲ. ಹಾಗೆಂದು ಅದೇ ಸೈಕಲ್ ಬೇಕೆಂದೇನಿಲ್ಲ. ಮನೆಯಲ್ಲಿರುವ ಹೈಬ್ರಿಡ್ ಸೈಕಲ್ಲಿಗೆ ಕೊಂಚ ದಪ್ಪ ಟೈರ್ ಹಾಕಿಸಿಕೊಂಡರೆ ಮಂಡ್ಯದ ನಾಲೆ ಏರಿ ಬೇಡ ಎನ್ನುವುದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಹಳೆಯ ಅಟ್ಲಾಸ್ ಸೈಕಲ್ಲುಗಳು ಅದೇ ಏರಿಯ ಮೇಲೆ ಹೋಗುತ್ತಲೇ ಇದ್ದವು, ಯಾವ ಗೇರೂ ಇಲ್ಲದೆ.

ನಾಲೆ ಏರಿಯ ಕಡೆ ತಿರುಗುವ ಇತ್ತೀಚಿನ ಒತ್ತಡ ಬಂದದ್ದು ಬೇರೆ ಕಡೆಯಿಂದ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಜೊತೆ ಎಂಜಿನ್ ಇಲ್ಲದ ವಾಹನಗಳಿಗೂ ನಿಷೇಧ ಬಂತು. ಸೈಕಲ್ ಸರ್ವಿಸ್ ರಸ್ತೆಗೆ ಇಳಿಯಿತು. ಅಲ್ಲಿ ಬಸ್ಸು, ಆಟೊ, ಎದುರಿನಿಂದ ನುಗ್ಗುವ ಸ್ಕೂಟರು ಎಲ್ಲವೂ ಇವೆ. ಅದನ್ನೂ ಬಿಟ್ಟು ಒಳಗೆ ತಿರುಗಿದವರಿಗೆ ಸಿಕ್ಕಿದ್ದು ನಾಲೆ.

ನೀರೇ ಹಿಡಿದ ಮಟ್ಟ

ಸೈಕಲ್ ತುಳಿಯುವವರಿಗೆ ನಾಲೆ ಏರಿ ಯಾಕೆ ಹಿತ? ಅಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಇಳಿಜಾರು ಇದೆ, ನಿಜ. ಅದು ಕಾಲಿಗೆ ತಿಳಿಯುವುದಿಲ್ಲ. ದೊಡ್ಡ ನಾಲೆಗಳನ್ನು ಸಾವಿರಾರು ಅಡಿಗೆ ಒಂದಡಿ ಇಳಿಯುವ ಲೆಕ್ಕದಲ್ಲಿ ತೋಡುತ್ತಾರೆ. ಹೆಚ್ಚು ಇಳಿದರೆ ನೀರು ದಂಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ನೆಲ ಒಮ್ಮೆಲೇ ಕುಸಿಯುವ ಕಡೆ ಕಲ್ಲುಕಟ್ಟಡದ ‘ಡ್ರಾಪ್’ ಕಟ್ಟಿ ನೀರನ್ನು ಒಂದೇ ನೆಗೆತಕ್ಕೆ ಕೆಳಗಿಳಿಸುತ್ತಾರೆ. ಗುಡ್ಡ ಬಂದರೆ ನಾಲೆ ಅದರ ಸೊಂಟ ಬಳಸಿ ಹೋಗುತ್ತದೆ, ಹಳ್ಳ ಬಂದರೆ ಮೇಲ್ಗಾಲುವೆ.

ರಸ್ತೆ ಹಾಕುವವರಿಗೆ ಇಷ್ಟು ತಾಳ್ಮೆ ಇರುವುದಿಲ್ಲ. ಅವರು ದಿಬ್ಬವನ್ನು ಹತ್ತಿಸಿ ಇಳಿಸಿ ಮುಂದೆ ಹೋಗುತ್ತಾರೆ. ನಾಲೆ ಮೂರು ಕಿಲೋಮೀಟರಿನ ಊರಿಗೆ ಐದು ಕಿಲೋಮೀಟರ್ ಸುತ್ತಿಸುತ್ತದೆ. ಸವಾರರಿಗೆ ಬೇಕಾದದ್ದೂ ಅದೇ.

ವಿ.ಸಿ. ನಾಲೆ ಎಂದರೆ ವಿಶ್ವೇಶ್ವರಯ್ಯ ನಾಲೆ. ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ (ಕೆಆರ್‌ಎಸ್) ಎಡದಂಡೆಯಿಂದ ಹೊರಡುವ ಇದಕ್ಕೆ ಮೊದಲಿದ್ದ ಹೆಸರು ಇರ್ವಿನ್ ನಾಲೆ, ಅಂದಿನ ವೈಸ್‌ರಾಯ್ ಲಾರ್ಡ್ ಇರ್ವಿನ್ ಹೆಸರಿನಲ್ಲಿ. ಕಟ್ಟೆಯಿಂದ ಹೊರಟ ನಾಲೆಗೆ ಹುಲಿಕೆರೆ ಬಳಿ ಗುಡ್ಡ ಅಡ್ಡ ಬಂತು. ಆ ಗುಡ್ಡಸಾಲಿನ ಆಚೆಗೆ ನೀರು ದಾಟಿದರಷ್ಟೇ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಒಣಹೊಲಗಳಿಗೆ ದಾರಿ. ಸುತ್ತು ಹಾಕಿ ಪಾರಾಗುವ ಗುಡ್ಡ ಅದಲ್ಲ. ಅಡಿಯಲ್ಲೇ ಸುಮಾರು 2.8 ಕಿಲೋಮೀಟರ್ ಸುರಂಗ ಕೊರೆದರು. ಇಂದಿಗೂ ಮಂಡ್ಯದ ನೀರು ಹುಲಿಕೆರೆಯ ನೆಲದಡಿಯೇ ಹರಿದು ಬರುತ್ತದೆ.

ಸೈಕಲ್ಲಿಗೆ ಸುರಂಗದ ಸೌಲಭ್ಯವಿಲ್ಲ. ಅಲ್ಲಿಯವರೆಗೆ ಪಕ್ಕದಲ್ಲಿದ್ದ ನೀರು ನೆಲದೊಳಗೆ ಹೋಗುತ್ತದೆ, ಸವಾರ ದಿಬ್ಬ ಹತ್ತಬೇಕು. ಮೇಲೆ ಊರು, ಹೊಲ, ಕಲ್ಲುಬಂಡೆ. ಅಷ್ಟು ಹೊತ್ತೂ ನಾಲೆ ಎಷ್ಟು ಉಪಕಾರ ಮಾಡಿತ್ತೆಂಬುದು ಆ ಏರಿನಲ್ಲಿ ತೊಡೆಗಳಿಗೆ ತಿಳಿಯುತ್ತದೆ. ಸುರಂಗದ ಆಚೆ ಬಾಯಿಂದ ನಾಲೆ ಮತ್ತೆ ಜೊತೆಯಾಗುತ್ತದೆ. ಮುಂದೆ ಕವಲಾಗಿ ಮದ್ದೂರು ಶಾಖೆ, ತುರುಗನೂರು ಶಾಖೆ, ಹೆಬ್ಬಕವಾಡಿ ನಾಲೆ ಎಂದು ಹರಡಿಕೊಳ್ಳುತ್ತದೆ.

ಈ ನೀರು ಬರುವ ಮುನ್ನ ಮಂಡ್ಯ ರಾಗಿ, ಹುರುಳಿಯ ಮಳೆಯಾಧಾರಿತ ಸೀಮೆ. ನಾಲೆಯ ಬೆನ್ನಿಗೇ 1931ರಲ್ಲಿ ಇರ್ವಿನ್ ಕೆನಾಲ್ ಫಾರಂ (ಈಗಿನ ವಿ.ಸಿ. ಫಾರಂ) ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಒಂದು ಜಿಲ್ಲೆಯನ್ನು ನಾಲೆಯೇ ಹುಟ್ಟಿಸಿತು ಎಂದರೆ ತಪ್ಪಾಗಲಾರದು.

———
ಕಟ್ಟೆ ಕಥೆ
ಕೃಷ್ಣರಾಜಸಾಗರದ ಕೆಲಸ ಶುರುವಾದದ್ದು 1911ರಲ್ಲಿ. ಕಟ್ಟೆಯ ಉದ್ದ ಸುಮಾರು 2.6 ಕಿ.ಮೀ. ಗಾರೆಗೆ ಬಳಸಿದ್ದು ಸುಣ್ಣ–ಇಟ್ಟಿಗೆ ಪುಡಿಯ ಸುರ್ಕಿ. ಪೂರ್ಣ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ ಅಡಿ. 2023ರಲ್ಲಿ ಮಳೆ ಕೈಕೊಟ್ಟು ಮಂಡ್ಯದ ರೈತರು ಬೀದಿಗಿಳಿದರು. 2025ರಲ್ಲಿ ಜೂನ್ ಮುಗಿಯುವ ಮೊದಲೇ ಕಟ್ಟೆ ತುಂಬಿತು. ಕಟ್ಟೆಯ ಮೇಲಿನ ರಸ್ತೆ ಸಾರ್ವಜನಿಕರಿಗೆ ಮುಚ್ಚಿದೆ, ಸೈಕಲ್ಲಿಗೂ ವಿನಾಯಿತಿ ಇಲ್ಲ.
———

ಮುನ್ನೂರು ವರ್ಷದ ಏರಿಗಳು

ವಿ.ಸಿ. ನಾಲೆ ದೊಡ್ಡದು, ನೇರ, ಕಾಂಕ್ರೀಟು ಹೊದ್ದದ್ದು. ಸವಾರಿಯ ರುಚಿ ಇರುವುದು ಹಳೆಯ ನಾಲೆಗಳಲ್ಲಿ. ಅಣೆಕಟ್ಟೆ ಎಂದರೆ ಎಲ್ಲರಿಗೂ ಕೆಆರ್‌ಎಸ್ ನೆನಪಾಗುತ್ತದೆ. ಅದಕ್ಕೆ ಇನ್ನೂರು ವರ್ಷಕ್ಕೂ ಮೊದಲೇ ಶ್ರೀರಂಗಪಟ್ಟಣದ ಸುತ್ತ ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆಗಳೆದ್ದು, ಅವುಗಳ ಬಗಲಿನಿಂದ ನಾಲೆಗಳು ಹರಿಯುತ್ತಿದ್ದವು.

ಎಡದಂಡೆಯಲ್ಲಿ ಚಿಕ್ಕದೇವರಾಜಸಾಗರ ನಾಲೆ. ರೈತರ ಬಾಯಲ್ಲಿ ಸಿಡಿಎಸ್. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದ್ದು, ನೂರು ಕಿಲೋಮೀಟರಿಗೂ ಮಿಕ್ಕ ಉದ್ದ. ಅರಕೆರೆ ಕಡೆಗೆ ಸಾಗುವ ಇದರ ಏರಿ ಎಲ್ಲೂ ನೇರವಾಗಿ ಹೋಗುವುದಿಲ್ಲ. ಹೊಂಗೆ, ಬಸರಿ ಮರಗಳ ನೆರಳು. ತೆಂಗಿನ ತೋಟದ ಅಂಚು. ಒಂದು ತಿರುವಿನಲ್ಲಿ ಭತ್ತದ ಗದ್ದೆ ಕಾಲಡಿಗೆ, ಮುಂದಿನ ತಿರುವಿನಲ್ಲಿ ತಲೆಮಟ್ಟಕ್ಕೆ.

ಬಲದಂಡೆಯಲ್ಲಿ ವಿರಿಜಾ ನಾಲೆ. ಬೆಳಗೊಳದ ಬಲಮುರಿ, ಎಡಮುರಿ ನೋಡಿಕೊಂಡು ಪಾಲಹಳ್ಳಿ ಕಡೆ ಬರುವವರಿಗೆ ಇದೇ ದಾರಿ. ಬಲಮುರಿಯಲ್ಲಿ ಹೊಳೆ ಇಡೀ ಕಟ್ಟೆಯ ಅಗಲಕ್ಕೆ ಬಳುಕಿ ಬೀಳುತ್ತದೆ. ಅದನ್ನು ನೋಡಲು ಭಾನುವಾರ ಹತ್ತು ಗಂಟೆಯ ನಂತರ ಹೋದರೆ ನೀರಿಗಿಂತ ಜನ ಹೆಚ್ಚು. ಎಂಟರೊಳಗೆ ದಾಟಿಬಿಡುವುದು ಲೇಸು.

ಮೂರನೆಯದು ಬಂಗಾರದೊಡ್ಡಿ ನಾಲೆ. ಇದು ಚಿಕ್ಕದು, ಆದರೆ ಜಾಣ ನಾಲೆ. ಶ್ರೀರಂಗಪಟ್ಟಣ ದ್ವೀಪ, ಸುತ್ತ ಹೊಳೆ. ಆದರೆ ಹೊಳೆ ತಗ್ಗಿನಲ್ಲಿದೆ, ಗದ್ದೆ ಎತ್ತರದಲ್ಲಿದೆ. ಹೊಳೆಯ ಮೇಲೆ ಮೇಲ್ಗಾಲುವೆ ಕಟ್ಟಿ, ಕಾವೇರಿಯ ನೀರನ್ನು ಕಾವೇರಿಯ ಮೇಲಿಂದಲೇ ದಾಟಿಸಿ ದ್ವೀಪದ ಗದ್ದೆಗೆ ತಂದರು. ದರಿಯಾ ದೌಲತ್ ನೋಡಲು ಸಾಲು ನಿಲ್ಲುವವರಲ್ಲಿ ಹತ್ತಕ್ಕೊಬ್ಬರೂ ಇದನ್ನು ನೋಡಿರಲಾರರು.

ಈ ಹಳೆಯ ಕಟ್ಟೆಗಳಿಂದ ಯಾರೂ ಎಣಿಸದ ಲಾಭವೂ ಆಯಿತು. 1645–48ರ ಸುಮಾರಿಗೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಅಡ್ಡಕಟ್ಟೆ ಹಾಕಿದಾಗ ನೀರು ಹಿಂದೆ ನಿಂತು, ನಡುವೆ ತಿಟ್ಟುಗಳು ಎದ್ದವು. ಆ ತಿಟ್ಟುಗಳಿಗೆ ಕೊಕ್ಕರೆ, ಬೆಳ್ಳಕ್ಕಿ, ಚಮಚಕೊಕ್ಕುಗಳು ಬಂದು ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಗದ್ದೆಗೆಂದು ಹಾಕಿದ ಕಟ್ಟೆ, ಹಕ್ಕಿಗೆ ಊರಾಯಿತು.

ದ್ವೀಪದ ಸುತ್ತಿನ ಅರ್ಧ ದಿನದ ಸವಾರಿಯೇ ಹೊಸಬರಿಗೆ ಸರಿ. ಶ್ರೀರಂಗಪಟ್ಟಣದಿಂದ ಹೊರಟು, 1804ರ ವೆಲ್ಲೆಸ್ಲಿ ಸೇತುವೆಯ ಒರಟು ಕಲ್ಲುಕಂಬಗಳನ್ನು ನೋಡಿ, ಕರಿಘಟ್ಟದ ಬುಡಕ್ಕೆ. ಅಲ್ಲಿ ಲೋಕಪಾವನಿ ಬಂದು ಕಾವೇರಿಗೆ ಸೇರುತ್ತದೆ. ಬೆಟ್ಟದ ಮೇಲಿನ ಶ್ರೀನಿವಾಸನ ಗುಡಿಗೆ ಮೆಟ್ಟಿಲೂ ಇವೆ, ರಸ್ತೆಯೂ ಇದೆ. ಮೇಲಿಂದ ಕಣ್ಣು ಹಾಯಿಸಿದರೆ ನಾಲೆ ಹಾದುಹೋದ ಗೆರೆ ಎಲ್ಲಿದೆಯೆಂದು ಯಾರೂ ತೋರಿಸಬೇಕಿಲ್ಲ. ಗೆರೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಕಂದು.

———
ತೂಬು ತೆರೆದ ಮೇಲೆ
ಮುಂಗಾರಿನಲ್ಲಿ ಕಟ್ಟೆ ತುಂಬಿದಂತೆ ನಾಲೆಗೆ ನೀರು. ಬೇಸಿಗೆ ಬೆಳೆಗೆ ಬಂದಾಗ ‘ಕಟ್ಟು ನೀರು’ ಪದ್ಧತಿ: ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಯಾವ ತೂಬಿಗೆ ಎಷ್ಟು ಎಂಬುದರ ಮೇಲ್ವಿಚಾರಣೆ ನೀರುಗಂಟಿಯದು. ಸವಾರರು ದಾರಿ ಕೇಳಲು ಇವರಿಗಿಂತ ಒಳ್ಳೆಯ ನಕಾಶೆ ಸಿಗದು. ಎಲ್ಲಿ ಏರಿ ಕುಸಿದಿದೆ, ಎಲ್ಲಿ ಗೇಟು ಹಾಕಿದ್ದಾರೆ, ಎಲ್ಲಿ ನಾಯಿ ಕಾಟ, ಎಲ್ಲವೂ ಅವರಿಗೆ ಗೊತ್ತು.
———

ನೀರು ಬಿಟ್ಟು ಬೆಟ್ಟಕ್ಕೆ

ನಾಲೆ ಏರಿಯ ಒಂದೇ ದೋಷ, ಸುಖ ಹೆಚ್ಚಾಗುವುದು. ಇಪ್ಪತ್ತು ಕಿಲೋಮೀಟರ್ ಒಂದೇ ಮಟ್ಟದಲ್ಲಿ ತುಳಿದರೆ ಕಾಲು ಜಡವಾಗುತ್ತದೆ. ಆಗ ಉತ್ತರಕ್ಕೆ ತಿರುಗಬೇಕು.

ಪಾಂಡವಪುರ ದಾಟಿದೊಡನೆ ಕುಂತಿಬೆಟ್ಟದ ಬೋಳು ಬಂಡೆಗಳು ಎದ್ದು ನಿಲ್ಲುತ್ತವೆ. ವನವಾಸದಲ್ಲಿ ಪಾಂಡವರು ತಾಯಿ ಕುಂತಿಯೊಡನೆ ಇಲ್ಲಿದ್ದರು ಎಂಬುದು ಊರಿನ ಕಥೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಇಲ್ಲಿ ಬಿಡಾರ ಹೂಡಿದ್ದರಿಂದ ಈ ಊರಿಗೆ ಬಹುಕಾಲ ‘ಫ್ರೆಂಚ್ ರಾಕ್ಸ್’ ಎಂದೇ ಹೆಸರಿತ್ತು. ಭೀಮನೂ ಫ್ರೆಂಚರೂ ಒಂದೇ ಬಂಡೆಗೆ ಹಕ್ಕುದಾರರಾದ ಊರು ಬೇರೆಲ್ಲಿದೆಯೋ ಕಾಣೆ.

ಮುಂದೆ ಕೆರೆತೊಣ್ಣೂರು. ಹೊಯ್ಸಳರ ಕಾಲದ ತೊಂಡನೂರು. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಏರಿ ಕಟ್ಟಿ, ಹಿಂದಿನ ಕಣಿವೆಯನ್ನೆಲ್ಲ ಕೆರೆ ಮಾಡಿದ್ದಾರೆ. ಇಷ್ಟು ಸಣ್ಣ ಏರಿಗೆ ಇಷ್ಟು ದೊಡ್ಡ ನೀರು ನಿಲ್ಲಿಸಿದ ಲೆಕ್ಕಾಚಾರಕ್ಕೆ ಯಾವ ಎಂಜಿನಿಯರಾದರೂ ತಲೆದೂಗಬೇಕು. ರಾಮಾನುಜಾಚಾರ್ಯರು ಇದನ್ನು ತಿರುಮಲಸಾಗರ ಎಂದು ಕರೆದರಂತೆ. 1746ರಲ್ಲಿ ದಂಡೆತ್ತಿ ಬಂದ ನಿಜಾಮನ ಮಗ ನಾಸಿರ್ ಜಂಗ್ ನೀರಿನ ತಿಳಿ ನೋಡಿ ‘ಮೋತಿ ತಾಲಾಬ್’ ಎಂದ. ದಂಡೆಯ ಗುಡಿಗಳಲ್ಲಿ ಜನಸಂದಣಿ ಇರುವುದಿಲ್ಲ. ಬಾಟಲಿಗೆ ನೀರು ತುಂಬಿಕೊಳ್ಳಲು ಇದೇ ಜಾಗ, ಮುಂದೆ ಏರು.

ತೊಣ್ಣೂರಿನಿಂದ ಮೇಲುಕೋಟೆಯವರೆಗಿನ ಒಳದಾರಿಗಳೇ ಈ ಸೀಮೆಯ ನಿಜವಾದ ಗ್ರ್ಯಾವೆಲ್. ಬಂಡಿಜಾಡು, ಗರಸು ಮಣ್ಣು, ನಡುವೆ ಹುಲ್ಲಿನ ಪಟ್ಟೆ. ತೆಂಗು, ಕಬ್ಬು ಹಿಂದೆ ಉಳಿದು ಹುರುಳಿ ಹೊಲ, ಕುರುಚಲು ಕಾಡು ಶುರುವಾಗುತ್ತದೆ. ಕೆಆರ್‌ಎಸ್ ನೀರು ನಿಲ್ಲುವುದು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ. ಮೇಲುಕೋಟೆಯ ಯೋಗಾನರಸಿಂಹ ಕೂತಿರುವುದು 3,500 ಅಡಿಗೂ ಮೇಲೆ. ಆ ನಡುವಿನ ಅಂತರವನ್ನು ಯಾವ ನಾಲೆಯೂ ನಮ್ಮ ಪರವಾಗಿ ಹತ್ತಿಕೊಡುವುದಿಲ್ಲ.

ಮೇಲುಕೋಟೆಯ ಸುತ್ತಿನ ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು. ಐವತ್ತು ಚದರ ಕಿಲೋಮೀಟರಿಗೆ ಕೊಂಚ ಕಡಿಮೆ. ಹುಲಿಗಲ್ಲ, ಆನೆಗಲ್ಲ, ತೋಳಕ್ಕಾಗಿ ಮೀಸಲಿಟ್ಟ ಕಾಡು. ಕುರಿಮಂದೆಯ ಹಿಂದೆ ಬೀಳುವ ಪ್ರಾಣಿಗೆ ಕಾಡು ಬಿಟ್ಟುಕೊಟ್ಟದ್ದು ಕುರಿಸಾಕಣೆಯ ಈ ಸೀಮೆಯಲ್ಲಿ ಸಣ್ಣ ಮಾತಲ್ಲ. ತೋಳ ಕಾಣುತ್ತದೆಂದು ಹೋದವರಿಗೆ ನವಿಲು ಕಾಣುತ್ತದೆ. ಚಿರತೆ ಮಾತ್ರ ಕಬ್ಬಿನ ಗದ್ದೆಯಲ್ಲೂ ಮರಿ ಹಾಕುವಷ್ಟು ಸಲುಗೆ ಬೆಳೆಸಿಕೊಂಡಿದೆ. ಆದ್ದರಿಂದ ಬೆಳಕು ಹರಿದ ಮೇಲೆ ಹೊರಟು, ಸಂಜೆಗೆ ಮುಂಚೆ ಕಾಡಂಚು ಬಿಡುವುದು ವಾಡಿಕೆ. ಅಭಯಾರಣ್ಯದೊಳಗಿನ ಹಾದಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡಿನ ಅಂಚು ಹಿಡಿದು ಹೋಗುವ ಊರ ರಸ್ತೆಗಳೇ ಸಾಕಷ್ಟಿರುವಾಗ ಒಳನುಗ್ಗುವ ಚಪಲವೇಕೆ?

ಬೆಟ್ಟ ಹತ್ತಿದವರಿಗೆ ಕೂಲಿ ಪುಳಿಯೋಗರೆ. ಜೊತೆಗೆ ಸಕ್ಕರೆ ಪೊಂಗಲ್. ಮೊದಲು ತಿನ್ನಬೇಕೋ, ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಳ್ಳಬೇಕೋ ಎಂಬುದು ಅವರವರಿಗೆ ಬಿಟ್ಟದ್ದು. ಮಾರ್ಚ್–ಏಪ್ರಿಲ್‌ನ ವೈರಮುಡಿ ಉತ್ಸವದ ದಿನಗಳಲ್ಲಿ ಈ ಕಡೆ ಸೈಕಲ್ ತರುವುದು ಬೇಡ. ಕಾಲಿಡಲು ಜಾಗವಿರುವುದಿಲ್ಲ, ಗಾಲಿ ಇಡುವುದು ದೂರದ ಮಾತು.

ಯಾರಿಗೆ ಮಣ್ಣು, ಯಾರಿಗೆ ಡಾಂಬರು

ನಾಲೆ ಏರಿಯ ಚೆಂದ ಹೇಳಿ, ಅದರ ಕ್ರೌರ್ಯ ಹೇಳದೆ ಹೋದರೆ ಅನ್ಯಾಯ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಏರಿ ಪಕ್ಕದ ರಸ್ತೆಗಳಿಗೆ ತಡೆಗೋಡೆ ಕಟ್ಟಿ ಎಂಬ ಕೂಗು ಆಗ ಎದ್ದಿತು. ಆ ಬಳಿಕವೂ ಇಲ್ಲಿನ ನಾಲೆಗಳಿಗೆ ಕಾರುಗಳು ಬಿದ್ದಿವೆ, ಜೀವಗಳು ಹೋಗಿವೆ, ಕೂಗು ಮತ್ತೆ ಎದ್ದಿದೆ.

ಕಾಂಕ್ರೀಟು ಹೊದಿಸಿದ ನಾಲೆಯ ಇಳಿಗೋಡೆ ಪಾಚಿ ಹಿಡಿದು ಜಾರುತ್ತದೆ. ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಸೋಪಾನಕಟ್ಟೆ ಅಥವಾ ಸೇತುವೆ ಸಿಗುವವರೆಗೆ ನೀರು ಎಳೆದುಕೊಂಡು ಹೋಗುತ್ತದೆ. ಸವಾರರು ನೀರಿನ ಕಡೆಯ ಜಾಡು ಬಿಟ್ಟು ಗದ್ದೆಯ ಕಡೆಯ ಜಾಡು ಹಿಡಿಯಬೇಕು. ಟ್ರ್ಯಾಕ್ಟರ್ ಬಂದರೆ ಇಳಿದು ನಿಲ್ಲಬೇಕು. ಫೋಟೊ ತೆಗೆಯುವ ಚಪಲಕ್ಕೆ ಡ್ರಾಪ್ ಬಳಿ ಬಗ್ಗಬಾರದು. ಕತ್ತಲಾದ ಮೇಲೆ ಏರಿ ಹತ್ತುವ ಮಾತೇ ಬೇಡ.

ಇನ್ನೊಂದು ಮಾತು. ಗ್ರ್ಯಾವೆಲ್ ಸವಾರರ ಗುಂಪುಗಳಲ್ಲಿ ಆಗಾಗ ಒಂದು ಕೊರಗು ಕೇಳುತ್ತದೆ: ‘ಆ ಏರಿಗೂ ಡಾಂಬರು ಹಾಕಿಬಿಟ್ಟರಂತೆ, ಹಾಳಾಯಿತು.’ ಹಾಳಾದದ್ದು ಯಾರಿಗೆ? ಮಳೆಗಾಲದಲ್ಲಿ ಆ ಕೆಸರಿನಲ್ಲಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯಬೇಕಾದ ಮನೆಯವರಿಗೆ ಅಲ್ಲ. ಕಬ್ಬು ಕಡಿದು, ಲೋಡು ಹೂತುಹೋಗಿ, ಕಾರ್ಖಾನೆಯ ಸರದಿ ತಪ್ಪಿಸಿಕೊಂಡ ರೈತನಿಗೂ ಅಲ್ಲ. ಮಣ್ಣಿನ ರಸ್ತೆಯ ಮೇಲಿನ ಪ್ರೀತಿ ಭಾನುವಾರ ಸಂಜೆ ಊರಿಗೆ ಮರಳುವವರದು. ಸೋಮವಾರವೂ ಅಲ್ಲೇ ಇರುವವರು ಡಾಂಬರು ಕೇಳುತ್ತಾರೆ. ಕೇಳುವುದು ನ್ಯಾಯ.

ನಾಲೆಗೆ ಕಾಂಕ್ರೀಟು ಹಾಕುವ ವಿಚಾರ ಇದಕ್ಕಿಂತ ಸಿಕ್ಕಿನದು. ಹೊದಿಕೆ ಹಾಕಿದರೆ ಸೋರಿಕೆ ನಿಂತು ಕೊನೆಭಾಗದ ರೈತರಿಗೆ ನೀರು ಮುಟ್ಟುತ್ತದೆ. ಆದರೆ ಅದೇ ಬಸಿನೀರನ್ನು ನಂಬಿ ಏರಿಯ ಕೆಳಗೆ ಬಾವಿ, ತೋಟ ಮಾಡಿಕೊಂಡವರ ಪಾಡು? ದಂಡೆಯ ಮರಗಳ ಬೇರು ಕುಡಿಯುವುದೂ ಅದನ್ನೇ. ಕೊನೆಭಾಗದವರಿಗೆ ನೀರು ಸಿಗಲೇಬೇಕು ಎಂಬುದೇ ನನ್ನ ನಿಲುವು. ಆದರೂ ಹಳೆಯ ನಾಲೆಗಳಿಗೆ ಕೈ ಹಚ್ಚುವಾಗ ಏರಿಯ ಮರ ಉಳಿಸುವ ಷರತ್ತನ್ನು ಟೆಂಡರಿನಲ್ಲೇ ಬರೆಯಬಹುದು. ಅದಕ್ಕೆ ಹೆಚ್ಚು ಸಿಮೆಂಟೇನೂ ಬೇಕಿಲ್ಲ.

———
ಚೀಲದಲ್ಲಿ ಏನಿರಬೇಕು
ಈ ದಾರಿಯ ಶತ್ರು ಜಲ್ಲಿ ಅಲ್ಲ, ಮುಳ್ಳು. ಏರಿಯುದ್ದಕ್ಕೂ ಬಳ್ಳಾರಿ ಜಾಲಿ, ನೆಲದಲ್ಲಿ ನೆಗ್ಗಿಲು. ಟ್ಯೂಬ್‌ಲೆಸ್ ಟೈರಿಗೆ ಸೀಲೆಂಟ್ ಹಾಕಿಸಿದ್ದರೆ ಚಿಂತೆ ಕಡಿಮೆ, ಟ್ಯೂಬಾದರೆ ಎರಡು ಹೆಚ್ಚುವರಿ ಇರಲಿ, ಕೈಪಂಪು ಇರಲಿ. ಹಸಿವಿನ ಭಯ ಬೇಡ: ಊರಿಗೊಂದು ಇಡ್ಲಿ ಹೋಟೆಲು, ಮಧ್ಯಾಹ್ನಕ್ಕೆ ಮುದ್ದೆ–ಉಪ್ಪುಸಾರು. ಆಲೆಮನೆಯಲ್ಲಿ ಒಲೆ ಉರಿಯುತ್ತಿದ್ದರೆ ಕೊಪ್ಪರಿಗೆ ಇಳಿಸುವವರೆಗೆ ಕಾದು ಬಿಸಿ ಬೆಲ್ಲ ಕೇಳಿ. ಮಂಡ್ಯದಲ್ಲಿ ಇಲ್ಲವೆನ್ನುವವರು ಕಡಿಮೆ. ಬೆಂಗಳೂರಿನವರಿಗೆ ರೈಲೇ ಅನುಕೂಲ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಮೂರೂ ಒಂದೇ ಹಳಿಯ ಮೇಲಿವೆ.
———

ಮರಳಿನ ಕೊನೆ

ಎರಡು ದಿನ ಬಿಡುವಿದ್ದವರು ಹೊಳೆಯ ಜೊತೆ ಕೆಳಕ್ಕೆ ಹೋಗಬೇಕು. ಶ್ರೀರಂಗಪಟ್ಟಣದಿಂದ ಅರಕೆರೆ, ಬನ್ನೂರು, ಅಲ್ಲಿಂದ ಸೋಮನಾಥಪುರ. ಹೊಯ್ಸಳ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ, ಬೇಲೂರು–ಹಳೇಬೀಡಿನ ಜೊತೆ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಬಿಸಿಲೇರುವ ಮುನ್ನ ತಲುಪಿದರೆ ಮಂಟಪದ ತಂಪಿನಲ್ಲಿ ಒಂದು ತಾಸು ಕಳೆಯಬಹುದು. ಅದಕ್ಕಿಂತ ಬೇಗ ಎದ್ದು ಹೊರಟವರು ಶಿಲ್ಪ ನೋಡಿಲ್ಲವೆಂದೇ ಲೆಕ್ಕ.

ಮುಂದಿನ ದಾರಿ ತಲಕಾಡಿಗೆ. ತಿ. ನರಸೀಪುರದಲ್ಲಿ ಕಪಿಲೆ ಸೇರಿಕೊಂಡ ಮೇಲೆ ಕಾವೇರಿ ಹಿಗ್ಗಿದ್ದಾಳೆ. ಗಂಗರ ರಾಜಧಾನಿಯಾಗಿದ್ದ ಊರು ಇಲ್ಲಿ ಮರಳಿನಡಿ ಹೂತುಹೋಯಿತು. ಜನ ನಂಬುವುದು, ತಲಕಾಡು ಮರಳಾಗಲಿ ಎಂದ ರಾಣಿ ಅಲಮೇಲಮ್ಮನ ಶಾಪವನ್ನು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದ ಬೆನ್ನಿಗೇ ಹುಟ್ಟಿದ ಕಥೆ ಅದು. ಭೂವಿಜ್ಞಾನಿಗಳು ಬೇರೆ ಕಾರಣ ಮುಂದಿಡುತ್ತಾರೆ. 14ನೇ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿ ಇಲ್ಲಿ ಕಾವೇರಿಗೆ ಅಣೆ ಕಟ್ಟಿಸಿದ. ಅಣೆಯಿಂದಾಗಿ ಹೊಳೆಯ ಪಾತ್ರದ ಒಂದಷ್ಟು ಮರಳು ಬಯಲಾಗಿ, ಗಾಳಿ ಅದನ್ನು ಹೊತ್ತು ತಂದು ಊರಿನ ಮೇಲೆ ಸುರಿಯಿತು ಎಂಬುದು ಅವರ ವಾದ.

ಈ ವಾದ ನಿಜವಾದರೆ, ಇಡೀ ಸೀಮೆಯ ಲೆಕ್ಕ ಇಲ್ಲಿ ತಿರುಗುಮುರುಗಾಗುತ್ತದೆ. ಮೇಲೆ ಒಂದು ಕಟ್ಟೆ ಹಕ್ಕಿಗಳಿಗೆ ತಿಟ್ಟು ಕೊಟ್ಟಿತು, ಇನ್ನೊಂದು ಮಂಡ್ಯವನ್ನು ಹುಟ್ಟಿಸಿತು. ಕೆಳಗಿನ ಕಟ್ಟೆ ಒಂದು ರಾಜಧಾನಿಯನ್ನೇ ನುಂಗಿತು. ಮಾಧವಮಂತ್ರಿ ನಾಲೆ ಮಾತ್ರ ಈಗಲೂ ಗದ್ದೆಗೆ ನೀರು ಹಾಯಿಸುತ್ತಿದೆ. ಅದರ ಏರಿಯ ಮೇಲೆ ಸೈಕಲ್ ಚೆನ್ನಾಗಿಯೇ ಓಡುತ್ತದೆ.

ಊರೊಳಗೆ ಓಡುವುದಿಲ್ಲ. ವೈದ್ಯೇಶ್ವರನ ಗುಡಿ ದಾಟಿ ಕೀರ್ತಿನಾರಾಯಣನ ಕಡೆ ಹೊರಟರೆ ನೀಲಗಿರಿ ಮರಗಳ ನಡುವೆ ಮರಳಿನ ದಿಬ್ಬ. 50 ಮಿಲಿಮೀಟರ್ ಟೈರು, ಎಷ್ಟೇ ಗಾಳಿ ಇಳಿಸಿ, ಹತ್ತು ಮಾರು ಹೋಗುವಷ್ಟರಲ್ಲಿ ಹೂತುಕೊಳ್ಳುತ್ತದೆ. ಸೈಕಲ್ಲನ್ನು ಎಳನೀರು ಅಂಗಡಿಯವರ ಬಳಿ ಬಿಟ್ಟು, ಪಂಚಲಿಂಗಗಳನ್ನು ನಡೆದೇ ನೋಡಿ ಬರಬೇಕು. ತಲಕಾಡಿನಿಂದ ಮೈಸೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು, ಪೂರ್ತಿ ಡಾಂಬರು. ಸಂಜೆಯ ಗಾಳಿ ಎದುರಿಗೇ ಬೀಸಬಹುದು. ಎರಡು ಗಂಟೆಯೊಳಗೆ ಹೊರಟರೆ ಬೆಳಕಿರುವಾಗಲೇ ತಲುಪಬಹುದು.